‘ಕೋಷ್ಟಕ 4 ನೋಡಿ’: ಒಂದು ಶಾಸ್ತ್ರೀಯ ವಿವೇಚನೆ

1. ಪೀಠಿಕೆ

ಕಡತವೊಂದು ಓದುಗನನ್ನು ತನ್ನದೇ ಇನ್ನೊಂದು ಪುಟಕ್ಕೆ ಅಟ್ಟುವ ಕ್ರಿಯೆಗೆ ಅಡ್ಡ ಉಲ್ಲೇಖ ಎಂದು ಹೆಸರು. ‘ವಿವರಗಳಿಗೆ ಕೋಷ್ಟಕ 4 ನೋಡಿ’, ‘ಪುಟ 12ರ ಚಿತ್ರ ಗಮನಿಸಿ’ ಇತ್ಯಾದಿ. ಓದುಗ ಅಲ್ಲಿಗೆ ಹೋಗುವುದಿಲ್ಲ. ಹೋಗುವುದಿಲ್ಲವೆಂದು ಬರೆದವನಿಗೂ ಗೊತ್ತು. ಆದರೂ ಕಳಿಸುವುದು ಕಚೇರಿಯ ಮರ್ಯಾದೆ. ಹಿಂದೆ ಈ ಸಂಖ್ಯೆಗಳನ್ನು ಗುಮಾಸ್ತರು ಕೈಯಾರೆ ಬರೆಯುತ್ತಿದ್ದರು. ತಪ್ಪಿದರೆ ಬೈಸಿಕೊಳ್ಳಲು ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ. ವರ್ಡ್ ಬಂದ ಮೇಲೆ ಸಂಖ್ಯೆ ತಾನಾಗಿ ಬರುತ್ತದೆ, ತಪ್ಪೂ ತಾನಾಗಿ ಬರುತ್ತದೆ. ಈ ಸ್ವಾವಲಂಬನೆಯೇ ನಮ್ಮ ಅಧ್ಯಯನದ ವಸ್ತು.

ಕ್ಷೇತ್ರಕಾರ್ಯಕ್ಕೆ ನಾಸಿಕ್ ಮತ್ತು ಹಿಂದೆ ಔರಂಗಾಬಾದ್ ಎಂದಿದ್ದ ಛತ್ರಪತಿ ಸಂಭಾಜಿನಗರಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಾಸಿಕಿನ ಸಾತಪುರ, ಅಂಬಡ, ಸಂಭಾಜಿನಗರದ ವಾಳೂಜ್, ಶೇಂದ್ರಾ ಇವೆಲ್ಲ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ (ಎಂಐಡಿಸಿ) ಪ್ರದೇಶಗಳು. ಯಂತ್ರ ಬಂದಲ್ಲಿಗೆ ಅದರ ಕೈಪಿಡಿ ಬರುತ್ತದೆ, ಕೈಪಿಡಿ ಬಂದಲ್ಲಿಗೆ ಅನುವಾದಕ ಬರುತ್ತಾನೆ. ಇಂಗ್ಲಿಷಿನಿಂದ ಮರಾಠಿಗೆ, ಹಿಂದಿಗೆ. ಸರಕು ಹುಬ್ಬಳ್ಳಿ, ಕಲಬುರಗಿಯ ಕಡೆಗೂ ಹೋಗುವುದರಿಂದ ಕನ್ನಡಕ್ಕೂ.

2. ರೋಗ ಮತ್ತು ಅದರ ಗತಿ

‘ಚಿತ್ರ 3 ನೋಡಿ’ ಎಂಬಲ್ಲಿರುವ 3 ನೋಡಲು ಅಂಕಿಯಂತಿದ್ದರೂ ಅದು ಫೀಲ್ಡ್. ಮೂರನೆಯ ಚಿತ್ರದ ಅಡಿಬರಹದ ಸುತ್ತ ವರ್ಡ್ ಕಣ್ಣಿಗೆ ಕಾಣದ ಒಂದು ಬುಕ್‌ಮಾರ್ಕ್ ನೆಟ್ಟಿರುತ್ತದೆ. ಫೀಲ್ಡ್ ಅದನ್ನು ಹುಡುಕಿಕೊಂಡು ಹೋಗಿ ಸಂಖ್ಯೆ ತರುತ್ತದೆ. ಅನುವಾದಕ ಇಂಗ್ಲಿಷ್ ಅಡಿಬರಹವನ್ನು ಪೂರ್ತಿ ಸೆಲೆಕ್ಟ್ ಮಾಡಿ ಅದರ ಮೇಲೆಯೇ ಮರಾಠಿ ಟೈಪ್ ಮಾಡುತ್ತಾನೆ. ಅಡಿಬರಹದ ಜೊತೆ ಬುಕ್‌ಮಾರ್ಕೂ ಅಳಿಸಿಹೋಗುತ್ತದೆ. ಪರದೆಯ ಮೇಲೆ ಮಾತ್ರ ಹಳೆಯ 3 ಗುಂಡುಕಲ್ಲಿನ ಹಾಗೆ ಕೂತಿರುತ್ತದೆ, ಏಕೆಂದರೆ ಸಾವಿನ ಸುದ್ದಿ ಫೀಲ್ಡಿಗೆ ಇನ್ನೂ ಮುಟ್ಟಿಲ್ಲ. ಮುಟ್ಟುವುದು ಯಾರಾದರೂ ಎಫ್9 ಒತ್ತಿದಾಗ. ಇಲ್ಲವೇ, ಮುದ್ರಣಕ್ಕೆ ಮೊದಲು ಫೀಲ್ಡುಗಳನ್ನು ಪರಿಷ್ಕರಿಸುವ ಆಯ್ಕೆ ಚಾಲೂ ಇದ್ದರೆ, ಪ್ರಿಂಟ್ ಕೊಟ್ಟಾಗ. ಹಾಗಾಗಿ ಸಾಹೇಬರು ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಟ್ಟ ಕೈಪಿಡಿಯೇ ಕಾಗದದ ಮೇಲೆ ‘ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್’ ಎಂದು ದಪ್ಪಕ್ಷರದಲ್ಲಿ ಅರಚುತ್ತದೆ.

ಇದು ತೀವ್ರ ರೂಪ. ಸೌಮ್ಯ ರೂಪವೂ ಇದೆ. ಬುಕ್‌ಮಾರ್ಕಿಗೆ ಏನೂ ಆಗಿರುವುದಿಲ್ಲ. ಅನುವಾದಕ ಅಡಿಬರಹದ ‘ಫಿಗರ್’ ಎಂಬುದನ್ನು ಬಿಟ್ಟು, ವಾಕ್ಯದೊಳಗಿನ ಫೀಲ್ಡಿನ ಮೇಲೆ ಮಾತ್ರ ‘ಚಿತ್ರ’ ಎಂದು ಬರೆದಿರುತ್ತಾನೆ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಎಫ್9 ಒತ್ತಿದ ತಕ್ಷಣ ಇಡೀ ಪುಸ್ತಕದ ಚಿತ್ರಗಳೆಲ್ಲ ಮತ್ತೆ ಫಿಗರ್‌ಗಳಾಗುತ್ತವೆ. ಎಷ್ಟು ಅನುವಾದಿಸಿದರೂ ಇಂಗ್ಲಿಷ್ ಹೋಗುವುದಿಲ್ಲ ಎಂಬ ಭಾಷಾಚಿಂತಕರ ವಾದಕ್ಕೆ ಇಷ್ಟು ಖಚಿತವಾದ ಪ್ರಯೋಗಾತ್ಮಕ ಪುರಾವೆ ಬೇರೆಲ್ಲೂ ಇಲ್ಲ.

ಮೂರನೆಯದು ಗುಪ್ತ ರೂಪ. ಡಿಟಿಪಿ ಅಂಗಡಿಗಳಲ್ಲಿ ಹಳೆಯ ಫಾಂಟುಗಳು ಇನ್ನೂ ಜೀವಂತ: ಮಹಾರಾಷ್ಟ್ರದಲ್ಲಿ ಶ್ರೀಲಿಪಿ, ನಮ್ಮಲ್ಲಿ ನುಡಿ. ಯುನಿಕೋಡ್ ಪೂರ್ವದ ಈ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ದೇಶಭಾಷೆಯ ಅಕ್ಷರದ ತುಂಡುಗಳು ಕೂತಿರುತ್ತವೆ. ಹೀಗಾಗಿ ಇಂಗ್ಲಿಷಿನ ದೋಷಸಂದೇಶ ಆ ಫಾಂಟಿಗೆ ಬಿದ್ದರೆ ಕೊಂಬು, ದೀರ್ಘ, ಅರ್ಧಾಕ್ಷರಗಳ ಒಂದು ಮೆರವಣಿಗೆಯಾಗಿ ಅಚ್ಚಾಗುತ್ತದೆ. ನಾಸಿಕಿನ ಅಂಗಡಿಯೊಂದರಲ್ಲಿ ಅಂಥ ಸಾಲಿನ ಮೇಲೆ ಬೆರಳಿಟ್ಟು ವಿಚಾರಿಸಿದೆವು.

“ಭಾವು, ಇದೇನು?”

“ಟೆಕ್ನಿಕಲ್ ಶಬ್ದ ಇರಬೇಕು ಸರ್.”

“ಓದಲಿಕ್ಕೆ ಬರುತ್ತಾ?”

“ಟೆಕ್ನಿಕಲ್ ಶಬ್ದ ಓದಲಿಕ್ಕಲ್ಲ ಸರ್.”

ಈ ವಿಷಯದಲ್ಲಿ ನಾವು ಕೇಳಿದ ಅತ್ಯಂತ ಪ್ರಬುದ್ಧ ಅಭಿಪ್ರಾಯ ಇದು.

3. ಅಜಂತಾ ಪದ್ಧತಿ

ಸಂಖ್ಯೆಗಳನ್ನು ತಾವಾಗಿ ಬದಲಾಗಲು ಬಿಡಬಾರದೆಂಬ ವಿವೇಕ ಸಂಭಾಜಿನಗರ ಜಿಲ್ಲೆಗೆ ಹೊಸದಲ್ಲ. ಅಜಂತಾದ ಗುಹೆಗಳಿಗೆ 19ನೇ ಶತಮಾನದಲ್ಲಿ ನಂಬರು ಕೊಟ್ಟದ್ದು ಇರುವ ಜಾಗದ ಸಾಲಿನಲ್ಲಿ, ವಯಸ್ಸಿನ ಪ್ರಕಾರವಲ್ಲ. ಅದಕ್ಕೇ ಅತ್ಯಂತ ಹಳೆಯ 9, 10 ಮಧ್ಯದಲ್ಲಿವೆ. ಹೀಗಿರಲು ಮಣ್ಣಿನಡಿ ಮುಚ್ಚಿಹೋಗಿದ್ದ ಒಂದು ಪುಟ್ಟ ಗುಹೆ 15 ಮತ್ತು 16ರ ನಡುವೆ ತಡವಾಗಿ ಪತ್ತೆಯಾಯಿತು. ಅಜಂತಾ ಒಂದು ವರ್ಡ್ ಕಡತವಾಗಿದ್ದಿದ್ದರೆ ಆ ಕ್ಷಣವೇ 16 ಹೋಗಿ 17 ಆಗುತ್ತಿತ್ತು, 17 ಹೋಗಿ 18, ಜಗತ್ತಿನ ಗ್ರಂಥಾಲಯಗಳ ಕಲಾ ಇತಿಹಾಸವೆಲ್ಲ ಒಂದೊಂದು ಗುಹೆ ಪಕ್ಕಕ್ಕೆ ಸರಿಯುತ್ತಿತ್ತು. ಪುರಾತತ್ವದವರು ಎಫ್9 ಒತ್ತಲಿಲ್ಲ. ಹೊಸಬನಿಗೆ 15ಎ ಎಂದು ಬರೆದು ಸುಮ್ಮನಾದರು.

ಅಡ್ಡ ಉಲ್ಲೇಖ ಮುರಿಯದೆಯೂ ದಾರಿ ತಪ್ಪಬಹುದು ಎಂಬುದಕ್ಕೂ ನಿದರ್ಶನ ಇದೇ ಜಿಲ್ಲೆಯಲ್ಲಿದೆ. ಅಜಂತಾದ ಮಾಹಿತಿಪತ್ರದಿಂದ ‘ಗುಹೆ 16 ನೋಡಿ’ ಎಂಬ ವಾಕ್ಯವನ್ನು ನಕಲು ಮಾಡಿ ಎಲ್ಲೋರಾದ ಮಾಹಿತಿಪತ್ರಕ್ಕೆ ಅಂಟಿಸಿದಿರೆನ್ನಿ. ಯಾವ ದೋಷಸಂದೇಶವೂ ಬರುವುದಿಲ್ಲ. ವಾಕಾಟಕರ ಮಂತ್ರಿ ವರಾಹದೇವ ಕಡೆಸಿದ ಬೌದ್ಧ ವಿಹಾರ ಹುಡುಕಿಕೊಂಡು ಹೊರಟ ಪ್ರವಾಸಿ, 8ನೇ ಶತಮಾನದ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯದ ಮುಂದೆ ನಿಂತಿರುತ್ತಾನೆ. ದೂರು ಕೊಟ್ಟವರನ್ನು ಕಾಣೆವು. ಕನ್ನಡಿಗರಂತೂ ಕೊಡುವುದೇ ಇಲ್ಲ.

3ಎ. ಕಾನೂನು ಪದ್ಧತಿ

ಈ ವಿಭಾಗ ಬರಹ ಮುಗಿದ ಮೇಲೆ ಪತ್ತೆಯಾದದ್ದು. 4ನೇ ವಿಭಾಗದ ಮನಸ್ಸು ನೋಯಿಸಲು ಇಷ್ಟವಿಲ್ಲ.

ನಮ್ಮ ಸಂವಿಧಾನವೂ ಅಜಂತಾ ಸಂಪ್ರದಾಯದ್ದು. ಮರಾಠವಾಡದ ವಿಶೇಷ ಉಪಬಂಧ 371(2)ರಲ್ಲಿದೆ. 1956ರವರೆಗೆ ಅದರ ಜೊತೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಕಲಬುರಗಿ, ಬೀದರ್, ರಾಯಚೂರು ಸೀಮೆಗೆ 98ನೇ ತಿದ್ದುಪಡಿಯಲ್ಲಿ 371ಜೆ ಸಿಕ್ಕಿತು. 372 ಕದಲಲಿಲ್ಲ. ಕಲ್ಯಾಣ ಕರ್ನಾಟಕದ ಹುಡುಗ ಇಂದು ‘ತ್ರೀ ಸೆವೆಂಟಿಒನ್ ಜೆ’ ಎಂದು ಉಸಿರಿನಷ್ಟು ಸಲೀಸಾಗಿ ಹೇಳುತ್ತಾನೆಂದರೆ ಅದು ಕೈಯಿಂದ ಕೊಟ್ಟ ನಂಬರಿನ ಮಹಿಮೆ.

ಇದಕ್ಕೆ ವಿರುದ್ಧವಾದದ್ದು 2024ರ ಜುಲೈ 1ರಂದು ನಡೆಯಿತು. ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ 302 ಹೋಗಿ 103, ವಂಚನೆಯ 420 ಹೋಗಿ 318. ಬೇರೆ ಕಾಯ್ದೆಗಳಲ್ಲಿರುವ ಹಳೆಯ ಉಲ್ಲೇಖಗಳ ಗತಿ? 1897ರ ಜನರಲ್ ಕ್ಲಾಸಸ್ ಕಾಯ್ದೆಯ 8ನೇ ಕಲಮು ಅವನ್ನು ಮರುಜಾರಿಯಾದ ಕಾನೂನಿನ ಉಲ್ಲೇಖವೆಂದೇ ಓದಿಕೊಳ್ಳಿ ಎನ್ನುತ್ತದೆ. ಕಂಪ್ಯೂಟರಿಗೆ ಮೊದಲೇ ಬ್ರಿಟಿಷರು ಎಫ್9 ಕಂಡುಹಿಡಿದಿದ್ದರು. ಅದು ಕೆಲಸ ಮಾಡದಿರುವುದು ಸಂತೆಯಲ್ಲಿ ಮಾತ್ರ: ಚೀಟಿ ದುಡ್ಡು ನುಂಗಿದವನನ್ನು ಜನ ಇವತ್ತಿಗೂ ಫೋರ್‌ಟ್ವೆಂಟಿ ಎಂದೇ ಕರೆಯುತ್ತಾರೆ. ‘ತ್ರೀ ಎಯ್ಟೀನ್’ ಎಂದು ಬೈದರೆ ಅವನು ಬಸ್ಸಿನ ನಂಬರೆಂದು ತಿಳಿದು ನಿಲ್ದಾಣದ ಕಡೆ ನೋಡುತ್ತಾನೆ.

4. ಊರೇ ಫೀಲ್ಡ್ ಆದಾಗ

ಊರಿನ ಹೆಸರು ಬದಲಾಗುವುದು ಸರಿಯೋ ತಪ್ಪೋ ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ‘ಎಲ್ಲ ಬದಲಿಸಿ’ ಎಂಬ ಗುಂಡಿ ಮಾತ್ರ ಬರುತ್ತದೆ. 1610ರಲ್ಲಿ ಮಲಿಕ್ ಅಂಬರ್ ಕಟ್ಟಿದ ಖಡ್ಕಿ ಮುಂದೆ ಫತೇನಗರವಾಗಿ, 1653ರಲ್ಲಿ ಔರಂಗಾಬಾದಾಯಿತು. ಎರಡನೇ ಬದಲಾವಣೆಗೂ ಮೂರನೆಯದಕ್ಕೂ ನಡುವೆ ಮೂರು ಶತಮಾನಕ್ಕೂ ಮೀರಿ ಗುಮಾಸ್ತರಿಗೆ ಬಿಡುವು ಸಿಕ್ಕಿತು. 2022ರ ಜೂನ್ 29ರಂದು ಒಂದು ಸಚಿವ ಸಂಪುಟ ‘ಸಂಭಾಜಿನಗರ’ ಎಂದಿತು, ಜುಲೈ 16ರಂದು ಮುಂದಿನ ಸಂಪುಟ ‘ಛತ್ರಪತಿ’ ಸೇರಿಸಿತು, 2023ರಲ್ಲಿ ಅಧಿಕೃತವಾಯಿತು.

ಈ ಕ್ರಮವನ್ನು ಕಡತದಲ್ಲಿ ಅನುಸರಿಸುವಾಗ ಎರಡು ವಿದ್ಯಮಾನಗಳು ತಲೆದೋರುತ್ತವೆ. ‘ಸಂಭಾಜಿನಗರ’ ಇದ್ದಲ್ಲೆಲ್ಲ ‘ಛತ್ರಪತಿ ಸಂಭಾಜಿನಗರ’ ಮಾಡುವ ಆಜ್ಞೆಯನ್ನು ಬೆಳಗಿನ ಪಾಳಿಯವರೊಮ್ಮೆ, ಸಂಜೆ ಪಾಳಿಯವರೊಮ್ಮೆ ಕೊಟ್ಟರೆ ಕಡತದಲ್ಲಿ ‘ಛತ್ರಪತಿ ಛತ್ರಪತಿ ಸಂಭಾಜಿನಗರ’ ಉಳಿಯುತ್ತದೆ. ಗೌರವ ಹೆಚ್ಚಾದದ್ದನ್ನು ಕಡಿಮೆ ಮಾಡುವ ಧೈರ್ಯ ಯಾವ ಗುಮಾಸ್ತನಿಗೂ ಇರುವುದಿಲ್ಲ, ಆದ್ದರಿಂದ ಅದು ಕಾಯಂ. ಎರಡನೆಯದಾಗಿ, ಬಿಹಾರದಲ್ಲೂ ಒಂದು ಔರಂಗಾಬಾದ್ ಜಿಲ್ಲೆ ಇದೆ. ಅಖಿಲ ಭಾರತ ಮಟ್ಟದ ವಿತರಕರ ಪಟ್ಟಿಯಲ್ಲಿ ‘ಎಲ್ಲ ಬದಲಿಸಿ’ ಒತ್ತಿದರೆ ಅಲ್ಲಿನವರು ಪಾಟ್ನಾಕ್ಕೂ ತಿಳಿಯದಂತೆ ಮರಾಠವಾಡಕ್ಕೆ ಸೇರುತ್ತಾರೆ.

ಹೈಕೋರ್ಟಿನದು ಇನ್ನೊಂದು ದಾರಿ. ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಫ್9 ಒಟ್ಟಿಗೆ ಒತ್ತಿದರೆ ಫೀಲ್ಡ್ ಸತ್ತು ಬರೀ ಅಕ್ಷರವಾಗುತ್ತದೆ. ಆಮೇಲೆ ಭೂಮಿ ಬಾಯಿಬಿಟ್ಟರೂ ಬದಲಾಗದು. 1995ರಲ್ಲಿ ಊರು ಮುಂಬೈ ಆದರೂ ನ್ಯಾಯಾಲಯ ಬಾಂಬೆ ಹೈಕೋರ್ಟಾಗಿಯೇ ಉಳಿದು, ಆ ಹೆಸರಿನಲ್ಲೇ ಸಂಭಾಜಿನಗರದಲ್ಲೂ ಪೀಠ ನಡೆಸುತ್ತಿದೆ. ಅನುವಾದಕರು ಕಡತ ಒಪ್ಪಿಸುವ ಮೊದಲು ಪಾಲಿಸಬೇಕಾದ ಮಾದರಿ ಇದು.

5. ಉಪಸಂಹಾರ ಮತ್ತು ಶಿಫಾರಸು

ಅಡ್ಡ ಉಲ್ಲೇಖದ ಬಾಧೆ ಒಮ್ಮೆಯೂ ತಟ್ಟದ ಬಹುಭಾಷಾ ದಾಖಲೆಯೊಂದು ಅಚ್ಚಾಗುವುದೂ ಇಲ್ಲೇ. ನಾಸಿಕ್ ರೋಡಿನ ಕರೆನ್ಸಿ ನೋಟ್ ಪ್ರೆಸ್ 1928ರಿಂದ ನಡೆಯುತ್ತಿದೆ. ನೋಟಿನ ಭಾಷಾಪಟ್ಟಿಯಲ್ಲಿ 15 ಭಾಷೆಗಳಿವೆ. ಕನ್ನಡ ಮೇಲಿನಿಂದ ನಾಲ್ಕನೆಯದು. ಪ್ರತಿಯೊಂದೂ ಮೊತ್ತವನ್ನು ಪೂರ್ತಿಯಾಗಿ ಹೇಳುತ್ತದೆ. ‘ಮೊತ್ತಕ್ಕೆ ಮುಂಬದಿ ನೋಡಿ’ ಎಂದಿಲ್ಲ, ‘ಅಸ್ಸಾಮಿಯಲ್ಲಿ ತಿಳಿಸಿದಂತೆ’ ಎಂದಿಲ್ಲ. ನೋಟು ನಾಸಿಕಿನಲ್ಲಿ ಅಚ್ಚಾದರೂ ಅಷ್ಟೇ, ಮೈಸೂರಿನಲ್ಲಿ ಅಚ್ಚಾದರೂ ಅಷ್ಟೇ.

ಇದರಿಂದ ಹೊರಡುವ ಸಿದ್ಧಾಂತ ಸರಳ. ಜನಕ್ಕೆ ತಿಳಿಯಲೇಬೇಕೆಂದಿರುವ ಸಂಗತಿಯನ್ನು ಇದ್ದಲ್ಲೇ, ಹದಿನೈದು ಭಾಷೆಯಲ್ಲಿ ಬೇಕಾದರೂ, ಪೂರ್ತಿ ಬರೆಯುತ್ತಾರೆ. ಮಿಕ್ಕದ್ದು ಅನುಬಂಧಕ್ಕೆ ಹೋಗುತ್ತದೆ: ವಿಮೆ ಯಾವಾಗ ಸಿಗುವುದಿಲ್ಲ, ಸಾಲದ ಬಡ್ಡಿ ಯಾವಾಗ ಏರುತ್ತದೆ, ಯಂತ್ರಕ್ಕೆ ಕೈ ಸಿಕ್ಕಿದರೆ ಯಾವ ಗುಂಡಿ ಒತ್ತಬೇಕು. ಅಲ್ಲಿಗೆ ಹೋಗುವ ದಾರಿಯಲ್ಲೇ ಬುಕ್‌ಮಾರ್ಕ್ ಅಳಿಸಿಹೋಗಿರುತ್ತದೆ.

ಆದ್ದರಿಂದ ನಮ್ಮ ಶಿಫಾರಸು: ಕೆಂಪು ಗುಂಡಿ ಎಲ್ಲಿದೆ ಎಂಬುದನ್ನು ಬೇಕಾದ ಪುಟದಲ್ಲೆಲ್ಲ, ಆಯಾ ಭಾಷೆಯಲ್ಲಿ, ಮತ್ತೆ ಮತ್ತೆ ಬರೆಯತಕ್ಕದ್ದು. ಇದರಿಂದ ಕೈಪಿಡಿ ದಪ್ಪಗಾಗುತ್ತದೆ, ಅನುವಾದದ ಬಿಲ್ಲು ಪುಟದ ಲೆಕ್ಕದ್ದಾದ್ದರಿಂದ ಅದೂ ದಪ್ಪಗಾಗುತ್ತದೆ. ಶಿಫಾರಸಿನಲ್ಲಿ ನಮ್ಮ ಸ್ವಾರ್ಥವಿದೆ ಎಂಬ ಆಕ್ಷೇಪವನ್ನು ಒಪ್ಪುತ್ತೇವೆ. ಸ್ವಾರ್ಥವಿಲ್ಲದ ಶಿಫಾರಸು ಜಾರಿಗೆ ಬಂದ ಉದಾಹರಣೆ ನಮ್ಮ ಕ್ಷೇತ್ರಕಾರ್ಯದಲ್ಲಿ ಎಲ್ಲೂ ಸಿಗಲಿಲ್ಲ.