ಸಂನ್ಯಾಸಿಯ ಸಂತಾನವೂ ಸರಣಿಯ ಸಮಾಪ್ತಿಯೂ

ಕೊಲೆ ನಡೆದಲ್ಲಿ ಮದುವೆಯೂ ನಡೆಯತಕ್ಕದ್ದೆಂಬ ವಿಧಿಯು ಯಾವ ಧರ್ಮಶಾಸ್ತ್ರದಲ್ಲಿಯೂ ಉಕ್ತವಾಗಿಲ್ಲವಾದರೂ, ಎಲಿಸ್ ಪೀಟರ್ಸ್ ಎಂಬ ಕಾವ್ಯನಾಮದ ಈಡಿತ್ ಪಾರ್ಜೆಟರ್ ಅವರು 1977ರಲ್ಲಿ ಆರಂಭಿಸಿದ ಬ್ರದರ್ ಕ್ಯಾಡ್‌ಫೇಲ್ ಕಾದಂಬರೀಮಾಲೆಯನ್ನು ಪಾರಾಯಣ ಮಾಡಿದವರಿಗೆ ಅದು ಶ್ರುತಿವಾಕ್ಯದಷ್ಟೇ ಅನುಲ್ಲಂಘ್ಯವೆಂದು ತೋರದಿರದು. ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ ಸ್ಟೀಫನ್ ದೊರೆಯೂ ಆತನ ದಾಯಾದಿ ಮಾಡ್ ಸಾಮ್ರಾಜ್ಞಿಯೂ ಸಿಂಹಾಸನಕ್ಕಾಗಿ ಕಾದಾಡುತ್ತಿರಲು, ಶ್ರೂಸ್‌ಬರಿಯ ಬೆನಿಡಿಕ್ಟೈನ್ ಮಠದಲ್ಲಿ ಗಿಡಮೂಲಿಕೆ ಅರೆಯುತ್ತಿದ್ದ ಈ ವೇಲ್ಸ್ ದೇಶದ ಸಂನ್ಯಾಸಿಯು, ತಾನೇ ಕೀಲುನೋವಿಗೆಂದು ಕಾಸಿಟ್ಟ ವತ್ಸನಾಭಿಯ ತೈಲವು ಒಬ್ಬನ ಊಟದಲ್ಲಿ ಬೆರೆತುದನ್ನು ಪತ್ತೆಹಚ್ಚಿದನಲ್ಲದೆ, ಬಹುತೇಕ ಪ್ರತಿಯೊಂದು ಸಂಪುಟದಲ್ಲಿಯೂ ಶವಸಂಸ್ಕಾರ ಮುಗಿಯುವಷ್ಟರಲ್ಲಿ ಒಂದು ಯುವಜೋಡಿಯ ಹಾದಿಯ ಮುಳ್ಳನ್ನೂ ಕಿತ್ತೆಸೆದನು.

ಇಲ್ಲಿ ಅಂಗಿರಸವು ಭಯಾನಕವೋ ಶೃಂಗಾರವೋ? ಹೆಣವಿಲ್ಲದೆ ಕಥೆಯೇ ಹೊರಡದಾದುದರಿಂದ ಭಯಾನಕವೆಂಬುದು ಪೂರ್ವಪಕ್ಷ. ಹೆಣವನ್ನು ಹೂಳಬಹುದು, ಪ್ರಣಯವನ್ನು ಹೂಳಲಾಗದಾದಕಾರಣ ಶೃಂಗಾರವೇ ಎಂಬುದು ಉತ್ತರಪಕ್ಷ. ಉಭಯ ಪಂಡಿತರೂ 1994ರಲ್ಲಿ ಪ್ರಕಟವಾದ ಇಪ್ಪತ್ತನೆಯ ಹಾಗೂ ಅಂತಿಮ ಕಾದಂಬರಿ ‘ಬ್ರದರ್ ಕ್ಯಾಡ್‌ಫೇಲ್ಸ್ ಪೆನನ್ಸ್’ ಅನ್ನು ತೆರೆದು ನೋಡಿದವರಲ್ಲವೆಂದು ವಿಷಾದದಿಂದ ಹೇಳಬೇಕಾಗಿದೆ. ಅಲ್ಲಿ, 1145ರ ಕವೆಂಟ್ರಿಯ ಸಂಧಾನಸಭೆಯ ನಡುವೆ, ಸಂಪ್ರದಾಯಕ್ಕೆ ಲೋಪ ಬಾರದಂತೆ ಒಬ್ಬನ ಕೊಲೆಯಾಗುತ್ತದೆ. ಆದರೆ ನಮ್ಮ ಸಂನ್ಯಾಸಿಯ ಮನಸ್ಸು ಹೆಣದ ಮೇಲಿಲ್ಲ. ಮಠ ಸೇರುವ ಮುನ್ನ, ಧರ್ಮಯುದ್ಧದ ಸೈನಿಕನಾಗಿದ್ದ ಕಾಲದಲ್ಲಿ, ಆಂಟಿಯೋಕ್ ನಗರದ ಮರಿಯಂ ಎಂಬ ವಿಧವೆಯಲ್ಲಿ ತನಗೆ ಜನಿಸಿದ ಮಗ ಒಲಿವಿಯರ್ ಶತ್ರುವಿನ ಸೆರೆಯಲ್ಲಿದ್ದಾನೆ. ಮಠಾಧಿಪತಿ ಕೊಟ್ಟ ಅನುಮತಿಯ ಗಡುವನ್ನು ಮೀರಿ, ವ್ರತಭಂಗವೆಂದು ತಿಳಿದೂ ತಿಳಿದೂ, ಅವನು ಮಗನನ್ನು ಅರಸಿ ಹೊರಡುತ್ತಾನೆ. ಒಲಿವಿಯರ್ ಆಗಲೇ ವಿವಾಹಿತನಾದುದರಿಂದ ಮದುವೆಯ ಊಟದ ನಿರೀಕ್ಷೆಯೂ ಇಲ್ಲ. ಪರರ ಪ್ರಣಯಗಳಿಗೆ ದಡ ಕಾಣಿಸಿದವನು ಸ್ವಂತ ಪ್ರಣಯದ ಫಲಕ್ಕೆ ಕಡೆಯಲ್ಲಿ ತಲೆಬಾಗುವನೆಂಬ ಈ ಸಂಗತಿಯಿಂದ ಅಂಗಿರಸವು ವಾತ್ಸಲ್ಯವೆಂದೂ, ಹಿಂದಿನ ಹತ್ತೊಂಬತ್ತು ಕಾದಂಬರಿಗಳೂ ಅದಕ್ಕೆ ದೀರ್ಘವಾದ ಪೀಠಿಕೆಯೆಂದೂ ಸಿದ್ಧವಾಗುತ್ತದೆ. ಕೊಲೆಗಾರರ ಹೆಸರು ಈ ಸಿದ್ಧಾಂತಕ್ಕೆ ಅನಾವಶ್ಯಕ.

ಲೇಖಕಿಯು ಮರುವರ್ಷವೇ, 1995ರ ಅಕ್ಟೋಬರಿನಲ್ಲಿ, ತೀರಿಕೊಂಡರಾಗಿ, ಈ ಸಮಾಪ್ತಿಯು ಬುದ್ಧಿಪೂರ್ವಕವಲ್ಲ, ಯಾದೃಚ್ಛಿಕವೆಂದು ಆಕ್ಷೇಪಿಸುವವರುಂಟು. ಆ ವಾದವು ಅಗ್ರಾಹ್ಯ: ಇಪ್ಪತ್ತೊಂದನೆಯದೊಂದು ಬಂದಿದ್ದ ಪಕ್ಷದಲ್ಲಿ ಪ್ರಕೃತ ಪ್ರಬಂಧವೇ ಬಿದ್ದುಹೋಗುತ್ತಿತ್ತೆಂಬುದಕ್ಕಿಂತ ಪ್ರಬಲವಾದ ಪ್ರಮಾಣವು ಬೇರೆ ಬೇಕಿಲ್ಲ.