ಕ್ರಿಮ್ಸನ್ ಮರುಬಿಡುಗಡೆ ಮೀಮಾಂಸೆ

ವಿಷಯ

ಕಿಂಗ್ ಕ್ರಿಮ್ಸನ್ ಎಂಬ ಇಂಗ್ಲಿಷ್ ಪ್ರೋಗ್ರೆಸಿವ್ ರಾಕ್ ಬ್ಯಾಂಡಿನ ಆಲ್ಬಮ್‌ಗಳು ಎಷ್ಟು ಸಲ, ಯಾವ ಟೇಪಿನಿಂದ, ಯಾರ ಕೈಯಲ್ಲಿ ಮರುಹುಟ್ಟು ಪಡೆದವು, ಹಾಗೆ ಹುಟ್ಟಿದವುಗಳಲ್ಲಿ ಪ್ರಮಾಣವಾದದ್ದು ಯಾವುದು ಎಂದು ವಿಚಾರಿಸುವ ಶಾಸ್ತ್ರವೇ ಮರುಬಿಡುಗಡೆ ಮೀಮಾಂಸೆ. ಅಭಿಮಾನಿಗಳೇ ಇದರ ಅಧಿಕಾರಿಗಳು. ಅಧಿಕಾರಕ್ಕೆ ಬೇಕಾದ ಲಕ್ಷಣಗಳು ಮೂರು: ಒಂದೇ ಆಲ್ಬಮನ್ನು ಕನಿಷ್ಠ ನಾಲ್ಕು ಸಲ ಕೊಂಡಿರಬೇಕು, ಐದನೆಯ ಸಲ ಕೊಳ್ಳುವುದಿಲ್ಲವೆಂದು ಆಣೆ ಇಟ್ಟಿರಬೇಕು, ಆಣೆ ಮುರಿದಿರಬೇಕು. ಇವುಗಳ ಜೊತೆಗೆ ಸಂಗೀತಜ್ಞಾನವೂ ಇದ್ದರೆ ದೋಷವಿಲ್ಲ.

ಬ್ಯಾಂಡಿನ ಇತಿಹಾಸ ಶಾಸ್ತ್ರಕ್ಕೆ ಅಗತ್ಯವಾದಷ್ಟು ಮಾತ್ರ ಹೀಗಿದೆ. 1969ರ ಜನವರಿ 13ರಂದು ಲಂಡನ್ನಿನ ಫುಲ್‌ಹ್ಯಾಮ್ ಪ್ಯಾಲೆಸ್ ರಸ್ತೆಯ ಕೆಫೆಯೊಂದರ ನೆಲಮಾಳಿಗೆಯಲ್ಲಿ ಮೊದಲ ತಾಲೀಮು ನಡೆಯಿತು. ರಾಬರ್ಟ್ ಫ್ರಿಪ್ ಗಿಟಾರ್, ಗ್ರೆಗ್ ಲೇಕ್ ಬೇಸ್ ಮತ್ತು ಹಾಡುಗಾರಿಕೆ, ಮೈಕೆಲ್ ಜೈಲ್ಸ್ ಡ್ರಮ್ಸ್, ಇಯಾನ್ ಮ್ಯಾಕ್‌ಡೊನಾಲ್ಡ್ ಊದುವ ವಾದ್ಯಗಳು ಮತ್ತು ಮೆಲೊಟ್ರಾನ್, ಪೀಟರ್ ಸಿನ್‌ಫೀಲ್ಡ್ ಸಾಹಿತ್ಯ. ಜುಲೈ 5ರಂದು ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ಬರುವ ಮುನ್ನ ಅಪಾರ ಜನಸ್ತೋಮದ ಎದುರು ನುಡಿಸಿದರು. ಅಕ್ಟೋಬರ್ 10ರಂದು 'ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್' ಐಲ್ಯಾಂಡ್ ಕಂಪನಿಯಿಂದ ಹೊರಬಂತು: ಐದು ಹಾಡು, ಸುಮಾರು 44 ನಿಮಿಷ. ಡಿಸೆಂಬರ್ ಹೊತ್ತಿಗೆ ಮ್ಯಾಕ್‌ಡೊನಾಲ್ಡ್ ಮತ್ತು ಜೈಲ್ಸ್ ಬಿಟ್ಟು ಹೊರಟರು. ಅಲ್ಲಿಂದ 2021ರ ಡಿಸೆಂಬರ್ 8ರಂದು ಟೋಕಿಯೊದಲ್ಲಿ ನಡೆದ ಕೊನೆಯ ಕಚೇರಿಯವರೆಗೆ ಬಂದವರು ಅನೇಕರು, ಹೋದವರು ಹೆಚ್ಚುಕಡಿಮೆ ಅಷ್ಟೇ ಜನ, ಉಳಿದವರು ಫ್ರಿಪ್ ಒಬ್ಬರೇ. ಆದಿಯಿಂದ ಅಂತ್ಯದವರೆಗೆ ಇದ್ದದ್ದು ಒಂದೇ ಬ್ಯಾಂಡು ಎಂಬ ಮಾತೂ ಈ ಶಾಸ್ತ್ರದಲ್ಲಿ ಸಾಧಿಸಬೇಕಾದ ಪ್ರಮೇಯವೇ ಹೊರತು ಒಪ್ಪಿಕೊಂಡ ಸಂಗತಿಯಲ್ಲ.

ಸಂಶಯ

ಮೀಮಾಂಸೆ ಹುಟ್ಟುವುದು ಸಂಶಯದಿಂದ. ಇಲ್ಲಿ ಸಂಶಯ ಹುಟ್ಟಿದ್ದು ಟೇಪು ಕಳೆದುಹೋದದ್ದರಿಂದ. ಮೊದಲ ಆಲ್ಬಮಿನ ಮೂಲ ಸ್ಟೀರಿಯೊ ಮಾಸ್ಟರ್ ಟೇಪು ಯಾವುದೋ ಉಗ್ರಾಣದ ಪಾಲಾಗಿತ್ತು. ಮುಂದೆ ಬಂದ ಎಲ್‌ಪಿಗಳೂ ಮೊದಲ ಸಿಡಿಗಳೂ ಅದರ ನಕಲಿನಿಂದ, ನಕಲಿನ ನಕಲಿನಿಂದ ತಯಾರಾದವು. ಟೇಪಿನಿಂದ ಟೇಪಿಗೆ ಇಳಿಸಿದಾಗಲೆಲ್ಲ ಹಿಸ್ ಒಂದಿಷ್ಟು ಏರುತ್ತದೆ, ಸಿಂಬಲ್‌ಗಳ ಹೊಳಪು ಒಂದಿಷ್ಟು ಇಳಿಯುತ್ತದೆ. ಓಲೆಗರಿಯಿಂದ ಓಲೆಗರಿಗೆ ಲಿಪಿಕಾರನ ತಪ್ಪುಗಳು ಕೂಡುತ್ತ ಹೋಗುವಂತೆ ಇಲ್ಲಿ ಸದ್ದು ಮಸುಕಾಗುತ್ತ ಹೋಯಿತು.

ಪಾಠಾಂತರಗಳ ವಂಶಾವಳಿ ಇಂತಿದೆ. 1989ರಲ್ಲಿ ಫ್ರಿಪ್ ಅವರೇ ಕೈಯಾಡಿಸಿದ ಸಿಡಿ ಬಂತು; ಅದಕ್ಕೆ 'ಡೆಫಿನಿಟಿವ್ ಎಡಿಷನ್' ಎಂದು ನಾಮಕರಣವಾಗಿತ್ತು, ಅರ್ಥಾತ್ ಇನ್ನು ಮುಂದೆ ಚರ್ಚೆಗೆ ಜಾಗವಿಲ್ಲ. 1999ರಲ್ಲಿ ಮೂವತ್ತನೆಯ ವರ್ಷದ ಆವೃತ್ತಿ ಬಂತು. ಅಷ್ಟರ ಮೇಲೆ ಕಳೆದ ಟೇಪು ಸಿಕ್ಕಿತು. 2004ರಲ್ಲಿ ಅದರಿಂದ ತೆಗೆದ ಆವೃತ್ತಿ ಬಂತು. 2009ರಲ್ಲಿ ಸ್ಟೀವನ್ ವಿಲ್ಸನ್ ಹೊಸದಾಗಿ ಮಿಕ್ಸ್ ಮಾಡಿದ ನಲವತ್ತನೆಯ ವರ್ಷದ ಆವೃತ್ತಿ, 2019ರಲ್ಲಿ ಅದೇ ವಿಲ್ಸನ್ ಅದೇ ಆಲ್ಬಮನ್ನು ಮತ್ತೊಮ್ಮೆ ಮಿಕ್ಸ್ ಮಾಡಿದ ಐವತ್ತನೆಯ ವರ್ಷದ ಆವೃತ್ತಿ. 2020ರಲ್ಲಿ 1969ರ ಸಮಸ್ತ ಧ್ವನಿಮುದ್ರಣಗಳ ಪೆಟ್ಟಿಗೆ, ಡಿಸ್ಕ್‌ಗಳ ಸಂಖ್ಯೆ 26. ಮುಕ್ಕಾಲು ಗಂಟೆಯ ಕೃತಿಗೆ 26 ಡಿಸ್ಕ್‌ಗಳ ಭಾಷ್ಯ ಹೆಚ್ಚಾಯಿತೆಂದು ಹೊರಗಿನವರು ಹೇಳುವುದುಂಟು. ಸೂತ್ರಕ್ಕಿಂತ ಭಾಷ್ಯ ದೊಡ್ಡದಾಗದ ಶಾಸ್ತ್ರ ಲೋಕದಲ್ಲಿ ಯಾವುದೂ ಇಲ್ಲವೆಂಬುದು ಇದಕ್ಕೆ ಸಮಾಧಾನ.

ಮುಂದೆ ಸಾಗುವ ಮುನ್ನ ಎರಡು ಪರಿಭಾಷೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಮಿಕ್ಸ್ ಆಗಿ ಮುಗಿದ ಎರಡು ಚಾನಲ್ ಟೇಪಿನ ಒಟ್ಟು ಸದ್ದನ್ನು ತಿದ್ದಿ ತೀಡುವುದು ರೀಮಾಸ್ಟರ್. ವಾದ್ಯಗಳು ಬೇರೆ ಬೇರೆಯಾಗಿ ದಾಖಲಾದ ಮಲ್ಟಿಟ್ರ್ಯಾಕ್ ಟೇಪಿಗೆ ಹಿಂದಿರುಗಿ ಎಲ್ಲವನ್ನೂ ಹೊಸದಾಗಿ ಕೂಡಿಸುವುದು ರೀಮಿಕ್ಸ್. ಮೊದಲ ಆಲ್ಬಮ್ ಮುದ್ರಣವಾದ ವೆಸೆಕ್ಸ್ ಸ್ಟುಡಿಯೊದಲ್ಲಿ 1969ರಲ್ಲಿ ಇದ್ದದ್ದು ಎಂಟು ಟ್ರ್ಯಾಕ್‌ಗಳ ಯಂತ್ರ. ಎಂಟೂ ತುಂಬಿದಾಗ ಕೆಲವನ್ನು ಒಟ್ಟುಗೂಡಿಸಿ ಇನ್ನೊಂದು ಟೇಪಿಗೆ ಇಳಿಸಿ, ಪದರದ ಮೇಲೆ ಪದರ ಮೆಲೊಟ್ರಾನ್ ಸೇರಿಸಲು ಜಾಗ ಮಾಡಿಕೊಳ್ಳುತ್ತಿದ್ದರು. ಮೆಲೊಟ್ರಾನ್ ಕೂಡ ಟೇಪಿನ ವಾದ್ಯವೇ: ಪ್ರತಿ ಕೀಲಿಯ ಕೆಳಗೆ ಒಂದು ತುಂಡು ಟೇಪು, ಒತ್ತಿ ಹಿಡಿದರೆ ಸುಮಾರು ಎಂಟು ಸೆಕೆಂಡು ತಂತಿವಾದ್ಯಗಳ ಸದ್ದು, ಆಮೇಲೆ ಮೌನ. ಹೀಗೆ ಟೇಪಿನ ಸದ್ದನ್ನು ಟೇಪಿಗಿಳಿಸಿ, ಆ ಟೇಪನ್ನು ಇನ್ನೊಂದು ಟೇಪಿಗಿಳಿಸಿ ಸಿದ್ಧವಾದ ಕೃತಿಯಲ್ಲಿ ಶುದ್ಧಪಾಠ ಹುಡುಕುವುದೇ ಈ ಶಾಸ್ತ್ರದ ಪರಮಾರ್ಥ.

ಪೂರ್ವಪಕ್ಷಗಳು

ಅಭಿಮಾನಿಗಳಲ್ಲಿ ಐದು ಪಂಥಗಳು ಪ್ರಸಿದ್ಧವಾಗಿವೆ.

ಮೊದಲನೆಯದು ಮೂಲವಾದ. ಐಎಲ್‌ಪಿಎಸ್ 9111 ಎಂಬ ಸಂಖ್ಯೆಯ, ಗುಲಾಬಿ ಲೇಬಲ್ಲಿನ ಮೊದಲ ಬ್ರಿಟಿಷ್ ಎಲ್‌ಪಿ ಒಂದೇ ಸತ್ಯ, ಮಿಕ್ಕದ್ದು ಮಾಯೆ ಎಂಬುದು ಇವರ ಮತ. ರೆಕಾರ್ಡಿನ ನಡುವಿನ ಖಾಲಿ ಪಟ್ಟಿಯಲ್ಲಿ ಗೀಚಿದ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಇವರು ದುರ್ಬೀನು ಹಿಡಿದು ಶಾಸನದಂತೆ ಓದುತ್ತಾರೆ. ಬ್ಯಾರಿ ಗಾಡ್ಬರ್ ಚಿತ್ರಿಸಿದ, ಬಾಯ್ದೆರೆದು ಚೀರುವ ಮುಖ ಹನ್ನೆರಡು ಅಂಗುಲದ ಹೊದಿಕೆಯಲ್ಲಿ ಮಾತ್ರ ಚೀರುತ್ತದೆ, ಸಿಡಿಯಲ್ಲಿ ಆಕಳಿಸುತ್ತದೆ ಎಂಬುದು ಇವರ ಉಪವಾದ. ಈ ಪಂಥದ ಹಿರಿಯರು ಆ ರೆಕಾರ್ಡನ್ನು ಸವೆಯುವ ಭಯದಿಂದ ಕೇಳುವುದೇ ಇಲ್ಲ.

ಎರಡನೆಯದು ಮಿಶ್ರಣವಾದ. ವಿಲ್ಸನ್ ಮಿಕ್ಸಿನಲ್ಲಿ ಮೊದಲ ಬಾರಿಗೆ ಜೈಲ್ಸ್‌ರ ಡ್ರಮ್ಸ್ ಸ್ಪಷ್ಟವಾಗಿ ಕೇಳಿಸಿತು ಎನ್ನುವವರು ಇವರು. ಅದನ್ನು ಮಬ್ಬಾಗಿಯೇ ಕೇಳಬೇಕೆಂಬುದು ಮೊದಲ ಪಂಥದ ಪ್ರತ್ಯುತ್ತರ. 2009ರ ಮಿಕ್ಸಿನಲ್ಲಿ 'ಮೂನ್‌ಚೈಲ್ಡ್' ಎಂಬ ಹನ್ನೆರಡು ನಿಮಿಷದ ಕೃತಿಯ ಮನೋಧರ್ಮ ಭಾಗದಿಂದ ಸುಮಾರು ಮೂರು ನಿಮಿಷ ಕತ್ತರಿಸಿ, ಪೂರ್ಣಪಾಠವನ್ನು ಅನುಬಂಧದಲ್ಲಿ ಕೊಡಲಾಗಿತ್ತು. ನಲವತ್ತು ವರ್ಷ ಸರಿಯಾಗಿ ಆ ಮೂರು ನಿಮಿಷಕ್ಕೆ ಕಾಫಿ ಮಾಡಲು ಎದ್ದು ಹೋಗುತ್ತಿದ್ದವರೇ ಕತ್ತರಿಯನ್ನು ಅತ್ಯಂತ ತೀವ್ರವಾಗಿ ಖಂಡಿಸಿದರೆಂಬುದು ಈ ಶಾಸ್ತ್ರದ ನಿಗಮನ.

ಮೂರನೆಯದು ಪ್ರದಕ್ಷಿಣವಾದ. ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್ ನಡುವೆ ಅಲುಗಾಡದೆ ಕುಳಿತವನಿಗೆ ಮಾತ್ರ ಸಂಗೀತದ ಸಾಕ್ಷಾತ್ಕಾರ ಎಂಬುದು ಇದರ ತಿರುಳು. ಆ ಆಸನದಲ್ಲಿ ಒಬ್ಬರಿಗಷ್ಟೇ ಸ್ಥಳವಿರುವುದರಿಂದ ಈ ಪಂಥದಲ್ಲಿ ಗುರುವಿದ್ದಾನೆ, ಶಿಷ್ಯರಿಲ್ಲ.

ನಾಲ್ಕನೆಯದು ಕಚೇರಿವಾದ. ಸ್ಟುಡಿಯೊ ಆಲ್ಬಮ್ ಬರೀ ಮುನ್ನುಡಿ, ಬ್ಯಾಂಡು ನಿಜವಾಗಿ ಬದುಕಿದ್ದು ವೇದಿಕೆಯ ಮೇಲೆ ಎಂದು ಇವರ ವಾದ. ಇವರಿಗಾಗಿ 1972ರಿಂದ 1974ರ ಅವಧಿಯೊಂದಕ್ಕೇ ಮೂರು ಪೆಟ್ಟಿಗೆಗಳು ಸಾಲಾಗಿ ಬಂದವು: 2012ರ 'ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್' 15 ಡಿಸ್ಕ್, 2013ರ 'ದ ರೋಡ್ ಟು ರೆಡ್' 24, 2014ರ 'ಸ್ಟಾರ್‌ಲೆಸ್' 27, ಒಟ್ಟು 66. ಒಂದೇ ರಾಗವನ್ನು ಊರೂರಿನಲ್ಲಿ ಕೇಳಿದವರಿಗೆ ಇದು ವಿಚಿತ್ರವೆನಿಸದು. ಈ ಪಂಥದ ಶ್ರದ್ಧೆಗೆ ಒರೆಗಲ್ಲು 'ಅರ್ತ್‌ಬೌಂಡ್'. 1972ರ ಆ ಕಚೇರಿ ಆಲ್ಬಮ್ ಕ್ಯಾಸೆಟ್ಟಿಗೆ ಮುದ್ರಿಸಿಕೊಂಡದ್ದು. ಸದ್ದು ಕೇಳಿದ ಅಮೆರಿಕದ ಅಟ್ಲಾಂಟಿಕ್ ಕಂಪನಿ ಅದನ್ನು ಬಿಡುಗಡೆ ಮಾಡಲೇ ಇಲ್ಲ. 2017ರಲ್ಲಿ ಅದು ಹೈ ರೆಸಲ್ಯೂಶನ್ ಡಿವಿಡಿ ಸಮೇತ ಬಂತು. ಕ್ಯಾಸೆಟ್ಟಿನ ದೋಷಗಳು ಇಷ್ಟು ನಿರ್ದುಷ್ಟವಾಗಿ ಹಿಂದೆಂದೂ ಕೇಳಿಸಿರಲಿಲ್ಲ.

ಐದನೆಯದು ಲೋಕಾಯತ. ಎಲ್ಲ ಆವೃತ್ತಿಗಳೂ ಒಂದೇ ಥರ ಕೇಳಿಸುತ್ತವೆ ಎಂಬುದು ಇದರ ಏಕೈಕ ಸೂತ್ರ. ಇದನ್ನು ಪ್ರತಿಪಾದಿಸುವವರು ಸಾಮಾನ್ಯವಾಗಿ ಅಭಿಮಾನಿಯ ಮನೆಯಲ್ಲೇ ವಾಸಿಸುತ್ತಾರೆ. ತರ್ಕದಿಂದ ಇವರನ್ನು ಗೆದ್ದವರಿಲ್ಲವಾದ್ದರಿಂದ ಶಾಸ್ತ್ರಕಾರರು ಪಾರ್ಸೆಲ್ಲನ್ನು ಆಫೀಸಿನ ವಿಳಾಸಕ್ಕೆ ತರಿಸಿಕೊಳ್ಳುವ ಮಾರ್ಗವನ್ನು ವಿಧಿಸಿದ್ದಾರೆ.

ಪ್ರಮಾಣಗಳು

ವಾದದಲ್ಲಿ ನಾಲ್ಕು ಪ್ರಮಾಣಗಳಿಗೆ ಮಾನ್ಯತೆಯಿದೆ. ಪ್ರತ್ಯಕ್ಷ, ಅಂದರೆ ಕಿವಿ, ಎಲ್ಲಕ್ಕಿಂತ ದುರ್ಬಲವಾದದ್ದು. ಅನುಮಾನ, ಅಂದರೆ ಕಂಪ್ಯೂಟರ್ ಪರದೆಯ ತರಂಗಚಿತ್ರ. ಅದು ಇಟ್ಟಿಗೆಯಂತೆ ದಟ್ಟವಾಗಿ ಕಂಡರೆ ಮಾಸ್ಟರಿಂಗ್ ಜೋರಾಯಿತೆಂದು ಕೇಳದೆಯೇ ತೀರ್ಪು ಕೊಡಬಹುದು. ಆಪ್ತವಾಕ್ಯ, ಅಂದರೆ ಫ್ರಿಪ್ ನುಡಿ. ಅದೂ ಕಾಲಕ್ಕೆ ಅಧೀನ. 'ರೆಡ್' ಆಲ್ಬಮಿನ 1974ರ ಸ್ಟೀರಿಯೊ ಮಿಕ್ಸ್ ಹೇಗಿದೆಯೋ ಹಾಗೇ ಸರಿ ಎಂದು 2009ರ ಆವೃತ್ತಿಯಲ್ಲಿ ಹೊಸ ಸ್ಟೀರಿಯೊ ಮಿಕ್ಸ್ ಸೇರಿಸಲಿಲ್ಲ, 2013ರಲ್ಲಿ ಸೇರಿಸಿದರು.

ನಾಲ್ಕನೆಯದು ಅನುಪಲಬ್ಧಿ, ಅಂದರೆ ಇಲ್ಲದಿರುವಿಕೆಯ ಜ್ಞಾನ. ಇದಕ್ಕೆ ಶಾಸ್ತ್ರೀಯ ಉದಾಹರಣೆ 'ಟ್ರಿಯೊ'. 1973ರ ನವೆಂಬರಿನಲ್ಲಿ ಆಮ್ಸ್‌ಟರ್‌ಡ್ಯಾಮಿನ ಕಾನ್ಸರ್ಟ್‌ಖಬೌ ಸಭಾಂಗಣದಲ್ಲಿ ಹುಟ್ಟಿದ ಈ ಮನೋಧರ್ಮ ಕೃತಿಯಲ್ಲಿ ಡ್ರಮ್ಸ್‌ನ ಬಿಲ್ ಬ್ರೂಫರ್ಡ್ ಒಂದೇ ಒಂದು ಪೆಟ್ಟನ್ನೂ ಹಾಕಲಿಲ್ಲ. ಆ ಸಂಯಮವೇ ಕೊಡುಗೆ ಎಂದು ಪರಿಗಣಿಸಿ ಅವರಿಗೂ ರಚನೆಯಲ್ಲಿ ಪಾಲು ಕೊಟ್ಟರು. ಬ್ರೂಫರ್ಡ್ ಬಾರಿಸದೆ ಇದ್ದದ್ದು ಯಾವ ಆವೃತ್ತಿಯಲ್ಲಿ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಇವಲ್ಲದೆ ಲೆಕ್ಕವೂ ಒಂದು ಉಪಪ್ರಮಾಣ. 'ಸ್ಟಾರ್‌ಲೆಸ್' ಕೃತಿಯ ಮಧ್ಯಭಾಗ ಹದಿಮೂರರ ಎಣಿಕೆಯಲ್ಲಿ ನಡೆಯುತ್ತದೆ. 1981ರ 'ಫ್ರೇಮ್ ಬೈ ಫ್ರೇಮ್'ನಲ್ಲಿ ಫ್ರಿಪ್ ಮತ್ತು ಏಡ್ರಿಯನ್ ಬಿಲ್ಯೂ ಏಳರ ಆವರ್ತದಲ್ಲಿ ಒಟ್ಟಿಗೆ ಹೊರಟು, ಒಂದು ಗಿಟಾರ್ ಸ್ವರವೊಂದನ್ನು ಬಿಡುತ್ತ ಸರಿಯುತ್ತದೆ, ಸುತ್ತಿ ಬಂದು ಮತ್ತೆ ಕೂಡುತ್ತದೆ. ಮಿಶ್ರ ಛಾಪು ಬಲ್ಲ ಕಿವಿಗೆ ಏಳು ಹೊಸದಲ್ಲ. ಅಭಿಮಾನಿಗೆ ಮಾತ್ರ ಎಣಿಸಿ ತಪ್ಪಿದ ಮೇಲೂ ತಲೆದೂಗುವ ಸ್ವಾತಂತ್ರ್ಯವಿದೆ. ಸಮದಲ್ಲಿ ತಲೆದೂಗುವುದು ಕಡ್ಡಾಯವಲ್ಲ.

ಸಿದ್ಧಾಂತ

ಪಂಥಗಳು ಐದಾದರೂ ಎಲ್ಲರ ನಂಬಿಕೆ ಒಂದೇ: ಎಲ್ಲೋ ಒಂದು ಮೂಲಪಾಠವಿದೆ. ಬ್ಯಾಂಡಿನ ನಡೆ ಇದಕ್ಕೆ ವಿರುದ್ಧ. 1974ರ 'ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್' ಸ್ಟುಡಿಯೊ ಆಲ್ಬಮ್ ಎಂದು ಬಂದರೂ ಅದರ ಬಹುಪಾಲು ಕಚೇರಿಗಳ ಧ್ವನಿಮುದ್ರಣ. ಚಪ್ಪಾಳೆಯನ್ನು ಕತ್ತರಿಸಿ ತೆಗೆದಿದ್ದರು ಅಷ್ಟೆ. ಜನ ಬದಲಾದಾಗಲೆಲ್ಲ ವಾದ್ಯ ಬದಲಾಯಿತು, ವಾದ್ಯ ಬದಲಾದಾಗಲೆಲ್ಲ ಹಳೆಯ ಕೃತಿ ಹೊಸದಾಯಿತು. 2014ರಿಂದಾಚೆಗೆ ಮೂರು ಡ್ರಮ್ಸ್‌ಗಳನ್ನು ವೇದಿಕೆಯ ಮುಂಭಾಗಕ್ಕೇ ತಂದಿಟ್ಟು 1969ರ ಹಾಡುಗಳನ್ನು ನುಡಿಸಿದರು. ನುಡಿಸಿದವರೇ ಎರಡು ಸಲ ಒಂದೇ ಥರ ನುಡಿಸದ ಸಂಗೀತಕ್ಕೆ ಅಂತಿಮ ಪಾಠ ಬೇಕೆಂದು ಹಠ ಹಿಡಿದವರು ಕೇಳುಗರು. ಆ ಹಠಕ್ಕೆ ಕಂಪನಿಗಳು ಹತ್ತು ವರ್ಷಕ್ಕೊಮ್ಮೆ ತಪ್ಪದೆ ಉತ್ತರ ಕೊಡುತ್ತ ಬಂದಿವೆ.

ಆದಕಾರಣ ನಿರ್ಣಯ ಹೀಗೆ: ಮುಂದಿನ ಆವೃತ್ತಿಯ ಪ್ರಕಟಣೆ ಹೊರಬೀಳುವವರೆಗೆ ಚಾಲ್ತಿಯಲ್ಲಿರುವುದೇ ಅಂತಿಮ ಆವೃತ್ತಿ. ಎಲ್ಲ ಆವೃತ್ತಿಗಳನ್ನೂ ಕೊಂಡವನು ಪಂಡಿತ. ಯಾವುದೋ ಒಂದನ್ನು ಕೊಂಡು ಕೇಳಿ ಸುಮ್ಮನಾದವನು ರಸಿಕ, ಈ ಶಾಸ್ತ್ರದಲ್ಲಿ ಅವನಿಗೆ ಪ್ರವೇಶವಿಲ್ಲ. ಪೆಟ್ಟಿಗೆಗಳನ್ನು ಮನೆಯ ಯಾವ ಮೂಲೆಯಲ್ಲಿ ಇಡಬೇಕೆಂಬುದು ವಾಸ್ತುಶಾಸ್ತ್ರಕ್ಕೂ, ಅವುಗಳ ಬೆಲೆಯನ್ನು ಮನೆಯವರಿಗೆ ಎಷ್ಟೆಂದು ಹೇಳಬೇಕೆಂಬುದು ನೀತಿಶಾಸ್ತ್ರಕ್ಕೂ ಸೇರಿದ್ದರಿಂದ ಇಲ್ಲಿ ವಿಚಾರಿಸಿಲ್ಲ.