ಹಿಂದುಗಡೆ ಸದ್ದು ಬರುತ್ತಿದೆ ಎನ್ನುವವರಿಗೆ ಒಂದು ಬಹಿರಂಗ ಪತ್ರ

ಕೋಲಾರ, ಚಿಂತಾಮಣಿ, ಶ್ರೀನಿವಾಸಪುರದ ಕಡೆ ಪಿಕಪ್ ಓಡಿಸುವ ಅಣ್ಣಂದಿರೇ, ತಮ್ಮಂದಿರೇ,

ಮಂಡಿಗೆ ಟೊಮೆಟೊ ಇಳಿಸಿ ನೇರವಾಗಿ ಗ್ಯಾರೇಜಿಗೆ ಬರುತ್ತೀರಿ. "ಹಿಂದ್ಗಡೆ ಏನೋ ಸೌಂಡ್ ಬರ್ತೈತಣ್ಣ, ಹೌಸಿಂಗೇ ಹೋಗಿರಬೇಕು, ಬಿಚ್ಚಿ ನೋಡು" ಎನ್ನುತ್ತೀರಿ, ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆಯನ್ನು ತೋರಿಸುತ್ತಾ. ನಿಮ್ಮ ಅವಸರ ನನಗೆ ಅರ್ಥವಾಗುತ್ತದೆ. ಸೀಸನ್ನಿನಲ್ಲಿ ಗಾಡಿ ಒಂದು ದಿನ ನಿಂತರೆ ಬಾಡಿಗೆಯೂ ಹೋಯಿತು, ಕಾಯಂ ಗಿರಾಕಿಯೂ ಹೋದ. ಆದರೂ ಕೈ ಮುಗಿದು ಕೇಳುತ್ತೇನೆ, ಬಿಚ್ಚಿಸುವ ಮೊದಲು ಆ ಸದ್ದನ್ನು ಸರಿಯಾಗಿ ಕೇಳಿಸಿಕೊಂಡು ಬನ್ನಿ. ನನ್ನ ಕೈಗೆ ಗಾಡಿ ಸಿಗುವುದು ಅದು ನಿಂತ ಮೇಲೆ. ಓಡುವಾಗ ಅದರ ಜೊತೆ ಇರುವವರು ನೀವು. ಬಿಚ್ಚಿ ಹರಡಿದ ಹೌಸಿಂಗ್ ಸದ್ದು ಮಾಡುವುದಿಲ್ಲ.

ಲೋಡ್ ಇಳಿಸಿದ ಮೇಲೆ, ಜನ ಓಡಾಡದ ನೇರ ರಸ್ತೆಯಲ್ಲಿ ಐವತ್ತರ ವೇಗಕ್ಕೆ ಹೋಗಿ ಕಿಟಕಿ ಇಳಿಸಿ. ಆಕ್ಸಿಲರೇಟರ್ ಒತ್ತಿದಾಗ "ಕೊಂಯ್" ಎಂದು ಏರಿ, ಕಾಲು ತೆಗೆದ ತಕ್ಷಣ ಇಳಿದರೆ ಅಥವಾ ದನಿ ಬದಲಾದರೆ, ಆಗ ಹೌಸಿಂಗ್ ಒಳಗಿನ ಕ್ರೌನ್ ಪಿನಿಯನ್ ಗೇರುಗಳ ಮೇಲೋ ಪಿನಿಯನ್ ಬೇರಿಂಗ್ ಮೇಲೋ ಅನುಮಾನ ಪಡಬೇಕು. ಒತ್ತಿದರೂ ಬಿಟ್ಟರೂ ಒಂದೇ ಸಮನೆ ಗುರ್ರೆನ್ನುತ್ತಾ ವೇಗದ ಜೊತೆ ಮಾತ್ರ ಏರಿಳಿದರೆ ವೀಲ್ ಬೇರಿಂಗ್ ನೋಡಿಸಿ. ಡಾಂಬರಿನಿಂದ ಕಾಂಕ್ರೀಟಿಗೆ ಹತ್ತಿದಾಗ ದನಿ ಬದಲಾದರೆ ಅದು ಟೈರಿನದು; ಅದಕ್ಕೆ ಹೌಸಿಂಗ್ ಬಿಚ್ಚಿಸಿದರೆ ದುಡ್ಡು ದಂಡ. ನೇರ ಹೋಗುವಾಗ ಸುಮ್ಮನಿದ್ದು ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಒಳಗಿನ ಸ್ಟಾರ್ ಗೇರುಗಳನ್ನು ನೋಡಬೇಕು, ಏಕೆಂದರೆ ಎರಡು ಚಕ್ರಗಳ ವೇಗ ಬೇರೆಬೇರೆಯಾದಾಗಲೇ ಅವು ಒಂದರ ಮೇಲೊಂದು ಉರುಳುವುದು.

ಬಡಿತ ಬಿಟ್ಟುಬಿಟ್ಟು ಬರುತ್ತಿದ್ದರೆ ಎಣಿಸಿ. ಈ ಗಾಡಿಗಳಲ್ಲಿ ಹಿಂದಿನ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ, ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಬರುವ ಶಾಫ್ಟ್ ಸುಮಾರು 4 ಸುತ್ತು ತಿರುಗಿರುತ್ತದೆ. ಟೈರಿನ ಸುತ್ತಳತೆ ಸುಮಾರು 2.2 ಮೀಟರ್ ಎಂದುಕೊಳ್ಳಿ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಒಂದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿದರೆ, ಶಾಫ್ಟ್ ಐದು ಸುತ್ತು ಹಾಕುತ್ತದೆ. ಬಡಿತ ನಿಧಾನವಾಗಿದ್ದರೆ ಚಕ್ರ, ಡ್ರಮ್ಮು, ಟೈರಿನ ಕಡೆ ನೋಡಿ. ಪಟಪಟ ಬಂದರೆ ಶಾಫ್ಟಿನ ಕಡೆ. ಇಷ್ಟು ಹೇಳಿದರೆ ನನ್ನ ಅರ್ಧ ಕೆಲಸ ನೀವೇ ಮಾಡಿದಂತೆ.

ಹೌಸಿಂಗ್ ಎಂದು ಬರುವ ಎಷ್ಟೋ ದೂರುಗಳ ಮೂಲ ಶಾಫ್ಟಿನಲ್ಲಿರುತ್ತದೆ. ರಿವರ್ಸ್‌ನಿಂದ ಫಸ್ಟ್‌ಗೆ ಹಾಕಿ ಕ್ಲಚ್ ಬಿಟ್ಟಾಗ "ಟಕ್" ಎನ್ನುವುದು, ನಿಧಾನವಾಗಿ ಹೋಗುವಾಗ ಕಿಚಕಿಚ ಎನ್ನುವುದು ಬಹುತೇಕ ಶಾಫ್ಟಿನ ತುದಿಯ ಕೀಲಾದ ಕ್ರಾಸಿನ ಲಕ್ಷಣ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಮುಂದೆ ಹಿಂದೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ ಕೆಳಗೆ ಹೋಗಿ. ಕ್ರಾಸಿನ ಎರಡೂ ಕಡೆ ಹಿಡಿದು ಒಂದನ್ನು ಅತ್ತ, ಇನ್ನೊಂದನ್ನು ಇತ್ತ ತಿರುಗಿಸಿ. ಎರಡರ ನಡುವೆ ಕಣ್ಣಿಗೆ ಕಾಣುವಷ್ಟು ಪ್ಲೇ ಇದ್ದರೆ ಕ್ರಾಸ್ ಮುಗಿದಿದೆ. ಕ್ರಾಸಿನ ಬೇರಿಂಗ್ ಕಪ್ಪಿನ ಅಂಚಿನಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಧೂಳು ಕಂಡರೆ ಒಳಗಿನ ಗ್ರೀಸ್ ಒಣಗಿ ಸೂಜಿ ಬೇರಿಂಗು ತುಕ್ಕು ಹಿಡಿದಿದೆ. ಇದನ್ನು ಮುಂದೂಡಬೇಡಿ. ಓಡುವಾಗ ಮುಂದಿನ ಕ್ರಾಸ್ ಮುರಿದರೆ ಶಾಫ್ಟಿನ ತುದಿ ರಸ್ತೆಗೆ ನಾಟಿಕೊಂಡು ಗಾಡಿಯನ್ನೇ ಎತ್ತಿ ಒಗೆಯಬಹುದು. ಕ್ಯಾಬಿನ್ನಿನಲ್ಲಿ ನಿಮ್ಮ ಪಕ್ಕ ಕೂತವನ ಬಗ್ಗೆಯೂ ಯೋಚಿಸಿ.

ಶಾಫ್ಟ್ ಇಳಿಸುವವರಿಗೂ ಒಂದು ಮಾತು: ದಯವಿಟ್ಟು ಬಿಚ್ಚುವ ಮೊದಲು ಪೇಂಟಿನಲ್ಲಿ ಗುರುತು ಹಾಕಿ. ವಾರೆಯಾಗಿ ತಿರುಗುವ ಕ್ರಾಸಿನಲ್ಲಿ ಪ್ರತಿ ಸುತ್ತಿಗೂ ಶಾಫ್ಟಿನ ವೇಗ ಎರಡು ಸಲ ಏರಿ ಇಳಿಯುತ್ತದೆ. ಆ ಏರಿಳಿತವನ್ನು ಇನ್ನೊಂದು ತುದಿಯ ಕ್ರಾಸ್ ಸರಿದೂಗಿಸುತ್ತದೆ. ಜಾರುವ ತುದಿಯನ್ನು ಎಳೆದು ತೆಗೆದು, ಇದ್ದ ಜಾಗ ಬಿಟ್ಟು ಒಂದೆರಡು ಹಲ್ಲು ಆಚೀಚೆ ಕೂರಿಸಿದರೆ ಈ ಲೆಕ್ಕ ತಪ್ಪುತ್ತದೆ. ಹೊಸ ಕ್ರಾಸ್ ಹಾಕಿಸಿದ ಮೇಲೂ ಗಾಡಿ ನಡುಗುತ್ತದೆ ಎಂದು ಪಾಪ ಮಾಲೀಕ ಗ್ಯಾರೇಜಿಂದ ಗ್ಯಾರೇಜಿಗೆ ಅಲೆಯುತ್ತಾನೆ. ಹೆಚ್ಚು ಕ್ರೇಟ್ ಏರಿಸಲೆಂದು ಹಿಂದೆ ಒಂದೆರಡು ಸ್ಪ್ರಿಂಗ್ ಪಟ್ಟಿ ಜಾಸ್ತಿ ಹಾಕಿಸುತ್ತೀರಲ್ಲ, ಅದರಿಂದಲೂ ಹಿಂಭಾಗ ಮೇಲೆದ್ದು ಶಾಫ್ಟಿನ ಕೋನ ಬದಲಾಗುತ್ತದೆ. ಮಂಡಿಯಲ್ಲಿ ಉಳಿಸಿದ ಒಂದು ಟ್ರಿಪ್ಪಿನ ಖರ್ಚನ್ನು ಕ್ರಾಸೂ ಸೆಂಟರ್ ಬೇರಿಂಗೂ ವಸೂಲಿ ಮಾಡುತ್ತವೆ.

ಇನ್ನು ಆಯಿಲ್. ಇಂಜಿನ್ ಆಯಿಲ್ ಬದಲಿಸಿದ ಕಿಲೋಮೀಟರ್ ನಿಮಗೆಲ್ಲ ಬಾಯಿಪಾಠ, ಹೌಸಿಂಗ್ ಆಯಿಲ್ ಯಾವಾಗ ಹಾಕಿಸಿದ್ದು ಎಂದರೆ ಮುಖ ನೋಡುತ್ತೀರಿ. ಪಿನಿಯನ್ ಕೂರುವುದು ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ. ಹಾಗಾಗಿ ಹಲ್ಲುಗಳು ಉರುಳುವುದರ ಜೊತೆಗೆ ಭಾರಿ ಒತ್ತಡದಲ್ಲಿ ಜಾರುತ್ತವೆ. ಅದನ್ನು ತಡೆಯಲೆಂದೇ ಜಿಎಲ್-5 ದರ್ಜೆಯ ಗೇರ್ ಆಯಿಲ್ ಇರುವುದು. ಗಾಡಿಯ ಪುಸ್ತಕದಲ್ಲಿ ಬರೆದ ಗ್ರೇಡನ್ನೇ ಹಾಕಿಸಿ. ಮೇಲಿನ ಪ್ಲಗ್ ತೆಗೆದು ಬೆರಳು ತೂರಿಸಿದರೆ ತೂತಿನ ಕೆಳ ಅಂಚಿಗೆ ಆಯಿಲ್ ತಾಕಬೇಕು. ಹಾಲು ಬೆರೆತ ಬಣ್ಣ ಕಂಡರೆ ಕೆರೆ ಕೋಡಿಯಲ್ಲೋ ಹಳ್ಳದಲ್ಲೋ ನೀರು ಒಳಗೆ ಹೋಗಿದೆ. ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಅಂಟಿದ ನುಣುಪು ಕಪ್ಪು ಮಸಿಗೆ ಹೆದರಬೇಡಿ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗಾಡಿಯನ್ನು ಅಲ್ಲೇ ಬಿಡಿ. ಹೌಸಿಂಗ್ ಮೇಲಿರುವ ಪುಟ್ಟ ಬ್ರೀದರಿಗೆ ಮಣ್ಣು ಕಟ್ಟಿದ್ದರೆ ಅದನ್ನೂ ಉಜ್ಜಿಸಿ. ಬಿಸಿಯಾದ ಗಾಳಿಗೆ ದಾರಿ ಇಲ್ಲದಿದ್ದರೆ ಅದು ಸೀಲ್ ದಾಟಿ ಆಯಿಲನ್ನು ಹೊರಗೆ ತಳ್ಳುತ್ತದೆ. ಆಯಿಲ್ ಬ್ರೇಕ್ ಲೈನರಿಗೆ ಬಿದ್ದರೆ ಇಳಿಜಾರಿನಲ್ಲಿ ಪೆಡಲ್ ಒತ್ತಿದಾಗ ಗೊತ್ತಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಕ್ರೌನ್ ಪಿನಿಯನ್ ಬದಲಿಸಲೇಬೇಕು ಎಂದಾದರೆ ಜೋಡಿಯಾಗಿಯೇ ಹಾಕಿಸಿ. ಕಾರ್ಖಾನೆಯಲ್ಲಿ ಅವೆರಡನ್ನೂ ಒಟ್ಟಿಗೇ ಉಜ್ಜಿ ಹೊಂದಿಸಿರುತ್ತಾರೆ. ಹಲ್ಲುಗಳ ನಡುವಿನ ಸಡಿಲ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ ಇರಬೇಕಾದ್ದು, ಅದನ್ನು ಕೈಯಲ್ಲಿ ಅಲ್ಲಾಡಿಸಿ ಅಂದಾಜು ಮಾಡಲಾಗದು. ಡಯಲ್ ಗೇಜ್ ಇಟ್ಟು ಅಳೆಯುವವರ ಹತ್ತಿರವೇ ಹೋಗಿ, ಪಕ್ಕದಲ್ಲೇ ನಿಂತು ನೋಡಿ. ಬರುವಾಗ ಹಳೇ ಸೆಟ್ಟನ್ನು ಕೇಳಿ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಹಲ್ಲು ಸವೆದು ಚಕ್ಕೆ ಎದ್ದಿದ್ದರೆ ಕೊಡುವ ದುಡ್ಡು ನ್ಯಾಯದ್ದು. ನುಣ್ಣಗೆ ಹಾಗೇ ಇದ್ದರೆ ದುಡ್ಡು ಕೊಡುವ ಮುಂಚೆ ಏಕೆ ಬದಲಿಸಿದಿರಿ ಎಂದು ಕೇಳಿ. ನನ್ನ ಗ್ಯಾರೇಜಿನಲ್ಲೂ ಕೇಳಿ.

ಇಂತಿ ನಿಮ್ಮವ,
ಹೌಸಿಂಗ್ ಕೆಲಸ ಮಾಡುವ ಒಬ್ಬ ಮೆಕ್ಯಾನಿಕ್